ಬಾಟಲಿಯಲ್ಲಿ ಉಳಿದ ನೀರು

"ದಿನಕ್ಕೆ ಎಷ್ಟು ಸಲ ಹೋಗ್ತೀರಿ?" ಎಂದು ಡಾಕ್ಟರು ಕೇಳಿದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬೆಳಿಗ್ಗೆ ಏಳೂಕಾಲಿಗೆ ಮನೆ ಬಿಡುವ ಮುಂಚೆ ಒಂದು ಸಲ. ಸಂಜೆ ಐದೂವರೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಇನ್ನೊಂದು ಸಲ. ರಾತ್ರಿ ಮಲಗುವಾಗ ಮತ್ತೊಂದು. "ಮೂರು" ಎಂದೆ, ಕಮ್ಮಿ ಅಂಕ ತೆಗೆದ ಹುಡುಗಿಯ ಹಾಗೆ ತಲೆ ತಗ್ಗಿಸಿ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, "ನೀರು?" ಎಂದರು. ಅದಕ್ಕೆ ನಾನು ಉತ್ತರ ಕೊಡಬೇಕಾಗಿರಲಿಲ್ಲ. ಬೆಳಿಗ್ಗೆ ತುಂಬಿಸಿಕೊಂಡು ಹೊರಟಿದ್ದ ಒಂದು ಲೀಟರಿನ ಸ್ಟೀಲ್ ಬಾಟಲಿ ಬ್ಯಾಗಿನಿಂದ ಕತ್ತು ಹೊರಗೆ ಹಾಕಿಕೊಂಡಿತ್ತು. ಅವರೇ ಎತ್ತಿ ಅಲ್ಲಾಡಿಸಿ ನೋಡಿದರು. ಸದ್ದೇ ಬರಲಿಲ್ಲ, ಅಷ್ಟು ತುಂಬಿತ್ತು.

ನಾನು ಇರುವುದು ಚಾಮರಾಜನಗರದಲ್ಲಿ, ಪಾಠ ಮಾಡುವುದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಕಾಲೇಜಿನಲ್ಲಿ. ತೆರಕಣಾಂಬಿ ಮೇಲೆ ಹೋಗುವ ಬಸ್ಸು. ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದದ್ದು 2023ರ ಜೂನ್ 11ರಂದು. ಅವತ್ತಿನಿಂದ ಈ ದಾರಿಯ ಬಸ್ಸಿನಲ್ಲಿ ನಮ್ಮದೇ ದರ್ಬಾರು. ಹೂವಿನ ಬುಟ್ಟಿಯವರು, ಅಂಗನವಾಡಿಯವರು, ತವರಿಗೆ ಹೊರಟವರು, ಸುಮ್ಮನೆ ಮಗಳನ್ನು ನೋಡಿ ಬರೋಣವೆಂದು ಹೊರಟವರು. ಇಷ್ಟು ಹೆಂಗಸರು ಇಷ್ಟು ದೂರ ಇಷ್ಟು ಸಲ ಓಡಾಡುವುದನ್ನು ನಾನು ಮುಂಚೆ ಕಂಡಿರಲಿಲ್ಲ. ನೋಡಿದರೆ ಖುಷಿಯಾಗುತ್ತದೆ. ಆದರೆ ಆ ಬಸ್ಸಿನಲ್ಲಿ ಯಾವ ಹೆಂಗಸೂ ನೀರು ಕುಡಿಯುವುದಿಲ್ಲ ಎನ್ನುವುದನ್ನು ನಾನು ಗಮನಿಸಿದ್ದು ಕಾಯಿಲೆ ಬಿದ್ದ ಮೇಲೆ. ಬಾಟಲಿ ಎಲ್ಲರ ಹತ್ತಿರವೂ ಇರುತ್ತದೆ. ಮಗು ಅತ್ತರೆ ಅದಕ್ಕೆ ಕುಡಿಸುತ್ತಾರೆ. ತಾವು ಮಾತ್ರ ಗಂಟಲು ನೆನೆಯುವಷ್ಟು ಒಂದು ಗುಟುಕು ಹೀರಿ ಮುಚ್ಚಳ ತಿರುಗಿಸುತ್ತಾರೆ.

ನನ್ನ ಕಥೆ ಶುರುವಾದದ್ದು ಮಾದಪ್ಪನಿಂದ. ಅಥವಾ ಅವ್ವನಿಂದ. ನನಗೆ ಕೆಲಸ ಖಾಯಂ ಆದರೆ ತಾಳುಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಸಿಕೊಂಡು ಬರುತ್ತೇನೆ ಎಂದು ಅವ್ವ ಹರಕೆ ಹೊತ್ತಿದ್ದಳು. ನಡೆದು ಬರುತ್ತೇನೆ ಅಂತಲ್ಲ, ನಡೆಸಿಕೊಂಡು ಬರುತ್ತೇನೆ ಅಂತ. ಹರಕೆ ಹೊತ್ತವಳು ಅವಳು, ನಡೆಯಬೇಕಾದವಳು ನಾನು. ಕೆಲಸ ಖಾಯಂ ಆಗಿ ಆರು ವರ್ಷವಾದರೂ ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದೆ. ಅಷ್ಟರಲ್ಲಿ ಅವ್ವನ ಮಂಡಿ ಹೋಯಿತು. "ನಾನು ಬಸ್ನಲ್ ಬತ್ತೀನಿ, ನೀ ನಡ್ದು ಬಾ. ನಾ ಸಾಯೋದ್ರೊಳ್ಗ ಮುಗ್ಸವ್ವ" ಎಂದು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದಳು. ನನಗೆ ದೇವರ ಮೇಲೆ ಅಂಥ ನೆಚ್ಚಿಕೆ ಏನಿಲ್ಲ. ಆದರೆ ಅವ್ವನ ಬಾಕಿ ಅಂದರೆ ಬಾಕಿಯೇ. ಹೋದ ವರ್ಷ, ಈ ಶಿವರಾತ್ರಿಗೆ ಆಗಿಬಿಡಲಿ ಎಂದು ಮನಸ್ಸು ಮಾಡಿದೆ.

ನಲವತ್ತೆರಡರ ದೇಹ, ಇಪ್ಪತ್ತು ವರ್ಷ ಕುರ್ಚಿ ಮತ್ತು ಬಸ್ಸಿನ ಸೀಟು ಎರಡನ್ನೇ ಕಂಡದ್ದು. ಅದನ್ನು ಏಕ್‌ದಂ ಬೆಟ್ಟ ಹತ್ತು ಎಂದರೆ ಹತ್ತುತ್ತದೆಯೇ? ಅದಕ್ಕೇ ಡಿಸೆಂಬರಿನಿಂದ ಸಂಜೆ ಅಂಬೇಡ್ಕರ್ ಕ್ರೀಡಾಂಗಣಕ್ಕೆ ಹೋಗತೊಡಗಿದೆ. ಮೊದಲ ವಾರ ನಾಲ್ಕು ಸುತ್ತು, ಆಮೇಲೆ ಎಂಟು, ಆಮೇಲೆ ಗ್ಯಾಲರಿಯ ಮೆಟ್ಟಿಲು ಹತ್ತಿ ಇಳಿಯುವುದು. ಭಾನುವಾರ ಊರ ಪಕ್ಕದ ಕರಿವರದರಾಜನ ಬೆಟ್ಟ. ಜನವರಿ ಹೊತ್ತಿಗೆ ಕಾಲಿಗೆ ಒಂದು ಬಲ ಬಂತು ನೋಡಿ, ನನಗೇ ಸೋಜಿಗ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿರಲಿಲ್ಲ. ಆದರೆ ಬಸ್ಸಿಳಿದು ಮನೆಗೆ ಬಂದು ಬಟ್ಟೆ ಬದಲಿಸಿ ಓಡುವ ಅವಸರದಲ್ಲಿ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ನಡೆಯುವಾಗ ಹೊಟ್ಟೆಯಲ್ಲಿ ಗುಳುಗುಳು ಎನ್ನುತ್ತದೆ, ನಡುವೆ ಎದ್ದು ಹೋಗಬೇಕಾಗುತ್ತದೆ. ಬೆವರಿದ ಬಟ್ಟೆಯಲ್ಲೇ ಬಂದು ಅಡುಗೆಗೆ ನಿಲ್ಲುತ್ತಿದ್ದೆ. ಆ ಬಿಗಿ ಪ್ಯಾಂಟು ಬದಲಿಸುವಾಗ ಒಂಬತ್ತು ಗಂಟೆ ಆಗಿರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಉರಿ ಶುರುವಾಯಿತು. ಉಷ್ಣ ಆಗಿರಬೇಕು ಎಂದುಕೊಂಡೆ. ನಮ್ಮ ಕಡೆ ಸೊಂಟದಿಂದ ಕೆಳಗೆ ಏನಾದರೂ ಅದು ಉಷ್ಣ. ಎಳನೀರು ಕುಡಿದೆ, ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದೆ. ಕಮ್ಮಿಯಾಗದೆ ಮೆಡಿಕಲ್ ಶಾಪಿಗೆ ಹೋಗಿ, ಕೌಂಟರಿನಲ್ಲಿದ್ದವನಿಗೆ ಸರಿಯಾಗಿ ಹೇಳಲೂ ಆಗದೆ, "ಯೂರಿನ್ ಉರಿ" ಎಂದು ಗೊಣಗಿ ನಾಲ್ಕು ಮಾತ್ರೆ ತಂದೆ. ಎರಡು ದಿನಕ್ಕೆ ಉರಿ ನಿಂತಿತು. ನಾನೂ ಮಾತ್ರೆ ನಿಲ್ಲಿಸಿದೆ. ಮೆಟ್ಟಿಲು ಹತ್ತುವುದನ್ನು ಮಾತ್ರ ನಿಲ್ಲಿಸಲಿಲ್ಲ. ಶಿವರಾತ್ರಿಗೆ ಇನ್ನು ನಾಲ್ಕು ವಾರ ಇತ್ತು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಹೊರಟು ಬರುತ್ತಿದ್ದೆ. ಬೆಳಿಗ್ಗೆಯಿಂದ ಸೊಂಟದ ಬಲಗಡೆ, ಬೆನ್ನಿನ ಕಡೆಗೆ ಒಂದು ನೋವು. ಮೆಟ್ಟಿಲಿನದ್ದೇ ಇರಬೇಕು ಎಂದು ನಂಬಿದ್ದೆ. ಅದು ಅರಿಶಿನ ಕೀಳುವ ಕಾಲ. ರಸ್ತೆ ಬದಿಯ ಹೊಲಗಳಲ್ಲಿ ಹೆಂಗಸರು ಕೂತು ಕೊಂಬು ಬಿಡಿಸುತ್ತಿದ್ದರು. ಎಲ್ಲೋ ಅರಿಶಿನ ಬೇಯಿಸುವ ಗಾಟು ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ತೆರಕಣಾಂಬಿ ದಾಟುವ ಹೊತ್ತಿಗೆ ಹುಲುಗನ ಮುರಡಿಯ ಕಡೆ ಸುಡುಬಿಸಿಲು. ಬಸ್ಸಿನಲ್ಲಿ ಎಲ್ಲರೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರೆ ನನಗೆ ಚಳಿ. ಸಣ್ಣ ಚಳಿಯಲ್ಲ, ಹಲ್ಲು ಕಟಕಟ ಎನ್ನುವ ಚಳಿ. ಪಕ್ಕದಲ್ಲಿದ್ದ ಮುದುಕಿ ನನ್ನ ಕೈ ಮುಟ್ಟಿ, ಏನೂ ಕೇಳದೆ ಕಿಟಕಿ ಎಳೆದು, ತನ್ನ ಟವೆಲನ್ನು ನನ್ನ ಹೆಗಲಿಗೆ ಹೊದಿಸಿದಳು. ಹಾಗೆ ನಡುಗುತ್ತಲೇ ಇಳಿದು ನೇರ ಡಾಕ್ಟರ ಹತ್ತಿರ ಹೋದವಳು ನಾನು.

ಜ್ವರ 102 ಇತ್ತು. ಅವರು ಬೆನ್ನಿನ ಬಲಗಡೆ ಪಕ್ಕೆಲುಬಿನ ಕೆಳಗೆ ಮೆಲ್ಲಗೆ ತಟ್ಟಿದರು. ನಾನು ಕಿರುಚಿದೆ. ಮೂತ್ರಕೋಶದಲ್ಲಿದ್ದ ಸೋಂಕು ಮೇಲಕ್ಕೆ ಏರಿ ಕಿಡ್ನಿ ಮುಟ್ಟಿತ್ತು. ಮೂತ್ರದ ಕಲ್ಚರಿಗೆ ಕಳಿಸಿ, ಅದರ ಫಲಿತಾಂಶ ಬರಲು ಎರಡು ಮೂರು ದಿನ ಬೇಕು, ಅಲ್ಲಿಯತನಕ ಇಂಜೆಕ್ಷನ್ ಎಂದರು. ನಾನು ಕೊಟ್ಟ ಸ್ಯಾಂಪಲ್ಲಿನ ಬಣ್ಣ ಅರಿಶಿನ ಬೇಯಿಸಿ ಬಸಿದ ನೀರಿನ ಹಾಗಿತ್ತು. ಕಲ್ಚರಿನಲ್ಲಿ ಬಂದದ್ದು ಇ. ಕೋಲಿ. ನಮ್ಮ ಕರುಳಿನಲ್ಲೇ ತಣ್ಣಗೆ ಬದುಕುವ ಬ್ಯಾಕ್ಟೀರಿಯಾ, ದಾರಿ ತಪ್ಪಿ ಪಕ್ಕದ ಬಾಗಿಲಿಗೆ ಹೋದರೆ ಇಷ್ಟು ರಂಪ ಮಾಡುತ್ತದೆ. ಈ ಸೋಂಕಿಗೆ ಬಹುಪಾಲು ಸಲ ಅದೇ ಕಾರಣವಂತೆ. ಗಂಡಸರಲ್ಲಿ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಇದ್ದರೆ ನಮ್ಮಲ್ಲಿ ನಾಲ್ಕೇ ಸೆಂಟಿಮೀಟರ್. ಅದಕ್ಕೆ ಹತ್ತುವ ದಾರಿ ಚಿಕ್ಕದು. ಮೇಲಿನಿಂದ ಹರಿದು ಬರುವ ಮೂತ್ರವೇ ಅದನ್ನು ತೊಳೆದು ಹೊರಗೆ ಹಾಕಬೇಕು. ಹತ್ತು ಗಂಟೆ ಬಾಗಿಲು ಹಾಕಿಕೊಂಡು ಕೂತರೆ ತೊಳೆಯುವವರು ಯಾರು?

ನಾನು ತಂದ ಮಾತ್ರೆ ಯಾವುದೆಂದು ಕೇಳಿದರು. ಸಿಪ್ರೊಫ್ಲಾಕ್ಸಸಿನ್. ನನ್ನೊಳಗಿದ್ದ ತಳಿ ಆ ಔಷಧಕ್ಕೆ ಬಗ್ಗುವುದಲ್ಲ ಎಂದು ವರದಿಯಲ್ಲೇ ಬರೆದಿತ್ತು. "ಅದನ್ನು ತಗೊಂಡು ವ್ಯಾಯಾಮನೂ ಮಾಡಿದ್ರಾ?" ಎಂದರು. ಮೆಟ್ಟಿಲು ಹತ್ತುತ್ತಿದ್ದೆ ಎಂದೆ. ಅವರ ಮುಖ ಸಪ್ಪಗಾಯಿತು. ಆ ಗುಂಪಿನ ಔಷಧಗಳು ಕೆಲವರಲ್ಲಿ ಸ್ನಾಯುರಜ್ಜುಗಳನ್ನು, ಅದರಲ್ಲೂ ಹಿಮ್ಮಡಿಯ ಮೇಲಿನ ದಪ್ಪ ನರದಂಥ ರಜ್ಜುವನ್ನು, ದುರ್ಬಲ ಮಾಡುತ್ತವೆ, ಹರಿದದ್ದೂ ಉಂಟು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಪೊಟ್ಟಣದ ಮೇಲೆ ದಪ್ಪ ಚೌಕದೊಳಗೆ ಈ ಎಚ್ಚರಿಕೆ ಹಾಕಿಸಿದರು ಎಂದು ಹೇಳಿದರು. ನಾನು ಬೆಟ್ಟಕ್ಕೆ ಕಾಲು ಗಟ್ಟಿ ಮಾಡಿಕೊಳ್ಳಲು ಹೊರಟವಳು. ಮೆಡಿಕಲ್ ಶಾಪಿನ ಹುಡುಗನಿಗೆ ಮೆಟ್ಟಿಲಿನ ವಿಷಯ ಗೊತ್ತಿರಲಿಲ್ಲ, ನನಗೆ ಮಾತ್ರೆಯ ವಿಷಯ ಗೊತ್ತಿರಲಿಲ್ಲ.

"ಶಿವರಾತ್ರಿಗೆ ಬೆಟ್ಟ ಹತ್ತಬಹುದಾ?" ಎಂದು ಕೇಳಿಯೇಬಿಟ್ಟೆ.

"ನಿಮ್ಮ ಮಾದಪ್ಪ ಒಪ್ಪಿದ್ರೂ ನಾನು ಒಪ್ಪಲ್ಲ" ಎಂದರು.

ಹತ್ತು ದಿನದ ಔಷಧ ಪೂರ್ತಿ ಮುಗಿಸಬೇಕು. ಜ್ವರ ಇರುವಷ್ಟು ದಿನ ಮನೆಯೊಳಗೆ ಓಡಾಡಿದರೆ ಸಾಕು. ಕೋರ್ಸ್ ಮುಗಿಯುವವರೆಗೆ ಬೆವರು ಸುರಿಯುವಂಥದ್ದೇನೂ ಬೇಡ. ಆಮೇಲೆ ಸಮತಟ್ಟಾದ ನೆಲದಲ್ಲಿ ಹತ್ತು ನಿಮಿಷ, ಮೈ ಒಪ್ಪಿದರೆ ಹದಿನೈದು. ಹೊರಡುವ ಮುಂಚೆ ಬಾತ್‌ರೂಮು, ಬಂದ ಕೂಡಲೇ ಬಾತ್‌ರೂಮು, ಬೆವರಿದ ಬಟ್ಟೆ ಆಗಲೇ ಬದಲು. ಮತ್ತೆ ಚಳಿಯೋ ಬೆನ್ನುನೋವೋ ಬಂದರೆ ಉಷ್ಣ ಗಿಷ್ಣ ಅನ್ನದೆ ಓಡಿ ಬರಬೇಕು.

ಕೇಳಲು ಇದೆಲ್ಲ ಸುಲಭ. ಎರಡು ತಿಂಗಳು ಕಷ್ಟಪಟ್ಟು ಕೂಡಿಸಿದ ಬಲ ಎರಡೇ ವಾರದಲ್ಲಿ ಹೇಗೆ ಸೋರಿಹೋಗುತ್ತದೆ ಎನ್ನುವುದನ್ನು ಮಲಗಿದವರೇ ಬಲ್ಲರು. ಐದನೇ ದಿನ ಅಡುಗೆಮನೆಯಿಂದ ಗೇಟಿನವರೆಗೆ ನಡೆದು ಬಂದು ಕಟ್ಟೆಯ ಮೇಲೆ ಕೂತುಬಿಟ್ಟೆ. ನೋಡಲು ಬಂದವರಿಗೆಲ್ಲ "ಜ್ವರ" ಎಂದಷ್ಟೇ ಹೇಳಿದೆ. ಸಹೋದ್ಯೋಗಿಯೊಬ್ಬರು ಡೆಂಗಿಯಾ ಎಂದರೆ ಅದಕ್ಕೂ ಹೂಂಗುಟ್ಟಿದೆ. ಡೆಂಗಿ ಮರ್ಯಾದೆಯ ಕಾಯಿಲೆ, ಸೊಳ್ಳೆಯದು ತಪ್ಪು. ನನ್ನದಕ್ಕೆ ಹೇಳಿಕೊಳ್ಳುವ ಹೆಸರೇ ಇಲ್ಲ. ಭಾಷೆ ಕಲಿಸುವವಳು ನಾನು. ಆದರೂ ಈ ವಿಷಯಕ್ಕೆ ನನ್ನ ಹತ್ತಿರ ಇದ್ದದ್ದು ಒಂದನೇ ಕ್ಲಾಸಿನಲ್ಲಿ ಕಲಿತ ಮಾತು, ಒಂದಕ್ಕೆ ಹೋಗುವುದು. ಆಗ ಕಿರುಬೆರಳು ಎತ್ತಿದರೆ ಸಾಕಿತ್ತು, ಟೀಚರು ತಲೆ ಆಡಿಸುತ್ತಿದ್ದರು. ಏಳನೇ ಕ್ಲಾಸಿನ ಹೊತ್ತಿಗೆ ಆ ಬೆರಳು ತಾನಾಗಿಯೇ ಮಡಚಿಕೊಂಡಿತು. ಯಾರೂ ಬೈದದ್ದಲ್ಲ.

ಅವ್ವ ಊರಿನಿಂದ ಬಂದಳು. ತೆರಕಣಾಂಬಿಯ ಕಡೆಯ ಹಳ್ಳಿ ನಮ್ಮದು. ಬಂದವಳೇ ಕೊತ್ತಂಬರಿ ಬೀಜ ನೆನೆಹಾಕಿದಳು, ಬಾರ್ಲಿ ಕುದಿಸಿದಳು. ನಾನು ಅವಳಿಗೂ ಜ್ವರ ಎಂದೇ ಹೇಳಿದ್ದೆ. ಎರಡನೇ ದಿನ ರಾತ್ರಿ ದೀಪ ಆರಿಸಿದ ಮೇಲೆ ಅವಳೇ ಕೇಳಿದಳು: "ಉರಿ ಬಂದಿತ್ತಾ ಮೊದ್ಲು?" ಹೂಂ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೂ ಬತ್ತಿತ್ತು" ಎಂದಳು.

ಆ ರಾತ್ರಿ ಅವಳು ಹೇಳಿದ್ದನ್ನು ನಾನು ನಲವತ್ತೆರಡು ವರ್ಷದಲ್ಲಿ ಒಂದು ದಿನವೂ ಕೇಳಿರಲಿಲ್ಲ. ಹಳ್ಳಿಯಲ್ಲಿ ಹೆಂಗಸರು ಕೋಳಿ ಕೂಗುವ ಮುಂಚೆ ಚೊಂಬು ಹಿಡಿದು ಹೋಗಬೇಕು, ಇಲ್ಲವೇ ಕತ್ತಲಾಗುವುದನ್ನು ಕಾಯಬೇಕು. ನಡುವಿನ ಹೊತ್ತೆಲ್ಲ ಗಂಡಾಳುಗಳಿರುವ ಹೊಲ. ನನ್ನನ್ನು ಹೆರುವ ಮುಂಚೆ ಒಂದು ಸಲ, ಹೆತ್ತ ಮೇಲೆ ಎರಡು ಸಲ ಅವಳಿಗೂ ಚಳಿಜ್ವರ ಬಂದು ಬೆನ್ನು ಹಿಡಿದಿತ್ತು. ದೃಷ್ಟಿ ಎಂದು ನಿವಾಳಿಸಿದ್ದರು. ಮದುವೆಯಾದ ಹೊಸತರಲ್ಲಿ ಊರಿನ ಹೆಂಗಸರ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋದಾಗಲೂ ಅದೇ. ನಾಲ್ಕು ದಿನದ ದಾರಿ. ಬುತ್ತಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ.

"ನೀರು?" ಎಂದೆ, ಡಾಕ್ಟರ ದನಿಯಲ್ಲಿ.

"ನೀರ್ ಕುಡೀತಿರ್ನಿಲ್ಲ ಕನವ್ವ. ಕುಡುದ್ರ ಎಲ್ಲಿಗ್ ಓಗದು? ಗಂಡಸ್ರು ರಸ್ತೆ ಪಕ್ಕ ನಿಂತ್ಕತಿದ್ರು. ನಾವು ಹೊತ್ತು ಮುಳುಗ್ಲಿ ಅಂತ ಕಾಯ್ತಿದ್ದೊ."

ಅವಳು ಇದನ್ನು ದೂರಾಗಿ ಹೇಳಲಿಲ್ಲ. ದಾರಿಯಲ್ಲಿ ಬಿಸಿಲಿತ್ತು, ಕಲ್ಲಿತ್ತು ಎನ್ನುವ ಹಾಗೆ ಹೇಳಿದಳು. ಆಮೇಲೆ, "ಹರಕೆ ಹಂಗೇ ಇರ್ಲಿ ಬುಡು. ಮಾದಪ್ಪ ಎಲ್ಲಿಗೂ ಓಗದಿಲ್ಲ, ಅಲ್ಲೇ ಕೂತವ್ನ" ಎಂದು ಪಕ್ಕಕ್ಕೆ ಹೊರಳಿ ಮಲಗಿದಳು. ಆರು ವರ್ಷ ನನ್ನನ್ನು ಕಾಡಿದ ಹರಕೆಯನ್ನು ಒಂದೇ ಮಾತಿನಲ್ಲಿ ಮುಂದಕ್ಕೆ ಹಾಕಿಬಿಟ್ಟಳು.

ಔಷಧ ಮುಗಿದ ಮರುದಿನ ಕ್ರೀಡಾಂಗಣಕ್ಕೆ ಹೋದೆ. ಹತ್ತು ನಿಮಿಷ ಎನ್ನುವುದು ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು. ಅಲ್ಲಿ ಸಂಜೆಯ ನಡಿಗೆಯವರದ್ದೇ ಒಂದು ಸಂಸಾರ. ಸೀರೆಗೆ ಕ್ಯಾನ್‌ವಾಸ್ ಶೂ ಹಾಕಿಕೊಂಡು ಬರುವ ನಿವೃತ್ತ ಟೀಚರುಗಳು, ರಾಜಕೀಯ ಮಾತಾಡಲೆಂದೇ ನಡೆಯುವ ಗಂಡಸರು, ಪೊಲೀಸ್ ಪರೀಕ್ಷೆಗೆ ಓಡುವ ಹುಡುಗರು. ಮುಂಚೆ ನಾನು ಹಿಂದೆ ಹಾಕುತ್ತಿದ್ದ ಹಿರಿಯರೊಬ್ಬರು ಅವತ್ತು ನನ್ನನ್ನು ಎರಡು ಸಲ ದಾಟಿ ಹೋದರು. ಮೂರನೆಯ ಸಲ ನಿಂತು, "ಯಾಕೆ ಮೇಡಂ, ಸ್ಪೀಡು ಕಮ್ಮಿಯಾಯ್ತು? ಹೀಟಾ? ನೆತ್ತಿಗೆ ಹರಳೆಣ್ಣೆ ಇಟ್ಕೊಳಿ" ಎಂದರು. ನಾನು ಬಾಯಿ ತೆರೆದೆ, ಜ್ವರ ಎನ್ನಲು. "ಯೂರಿನ್ ಇನ್ಫೆಕ್ಷನ್ ಆಗಿತ್ತು ಸಾರ್" ಎಂದು ಬಂತು. ಅವರು ಒಂದು ಕ್ಷಣ ನೆಲ ನೋಡಿದರು. ಆಮೇಲೆ, "ನನಗೆ ಪ್ರಾಸ್ಟೇಟು" ಎಂದರು. ಇಬ್ಬರೂ ಅರ್ಧ ಸುತ್ತು ಜೊತೆಗೆ ನಡೆದೆವು. ಅವರು ಜೇಬಿನಿಂದ ಫೋನು ತೆಗೆದು, ತಾವು ಎರಡು ಗಂಟೆಗೊಮ್ಮೆ ಹೋಗಲು ಇಟ್ಟುಕೊಂಡಿದ್ದ ಅಲಾರಮ್ ತೋರಿಸಿದರು.

ಮಲಗಿದ್ದಾಗ ಫೋನಿನಲ್ಲಿ ಓದಿದ ಒಂದು ಸಂಶೋಧನೆ ನೆನಪಾಗುತ್ತದೆ. 2018ರಲ್ಲಿ ಪ್ರಕಟವಾದದ್ದು. ಪದೇ ಪದೇ ಮೂತ್ರಕೋಶದ ಸೋಂಕು ಬರುತ್ತಿದ್ದ, ನೀರು ಕಮ್ಮಿ ಕುಡಿಯುವ 140 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಿರಿ ಎಂದರಂತೆ. ಒಂದು ವರ್ಷದಲ್ಲಿ ಕುಡಿಯದವರಿಗೆ ಸರಾಸರಿ 3.2 ಸಲ ಸೋಂಕು ಬಂದರೆ, ಕುಡಿದವರಿಗೆ 1.7 ಸಲ. ಔಷಧವಲ್ಲ, ಮಂತ್ರವಲ್ಲ, ಬರೀ ನೀರು. ಓದಿ ನಗು ಬಂತು. ಆ ಹೆಂಗಸರು ಎಲ್ಲಿಗೆ ಹೋಗುತ್ತಿದ್ದರು ಎನ್ನುವ ಪ್ರಶ್ನೆ ಸಂಶೋಧಕರಿಗೆ ಬಂದಿರಲಾರದು. ಅವ್ವನಾದರೆ ಮೊದಲು ಅದನ್ನೇ ಕೇಳುತ್ತಿದ್ದಳು.

ಕಾಲೇಜಿಗೆ ಮರಳಿದ ಮೊದಲ ವಾರ ನಡೆದದ್ದನ್ನು ಹೇಳಲೇಬೇಕು, ಹೇಳಲು ಇಷ್ಟವಿಲ್ಲದಿದ್ದರೂ. ಮೂರನೇ ಪೀರಿಯಡ್ಡಿನಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಏನಮ್ಮ ಎಂದೆ. "ಏನಿಲ್ಲ ಮಿಸ್" ಎಂದು ಕೂತಳು. ಮುಖ ಬಿಳಿಚಿತ್ತು. ಅವಳು ಯಾಕೆ ಕೂತಳು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೋದ ವರ್ಷ ಇದೇ ತರಗತಿಯಲ್ಲಿ ಇನ್ನೊಬ್ಬಳು ಹೀಗೇ ಎದ್ದಾಗ, "ಇಷ್ಟು ದೊಡ್ಡವಳಾಗಿ ಗಂಟೆ ಹೊಡೆಯೋವರೆಗೂ ತಡ್ಕೊಳಕ್ಕಾಗಲ್ವಾ?" ಎಂದು ಕೇಳಿದವಳು ನಾನೇ. ಹುಡುಗರು ನಕ್ಕಿದ್ದರು. ಆ ನಗು ಈ ತರಗತಿಯಲ್ಲಿ ಇನ್ನೂ ಇತ್ತು. ನನ್ನ ಗಂಟಲು ಒಣಗಿತು. ಬಾಟಲಿ ತೆಗೆದು ಎಲ್ಲರೆದುರಿಗೆ ಗಟಗಟ ಕುಡಿದೆ. "ನಾನು ಹದಿನೈದು ದಿನ ಬರಲಿಲ್ಲವಲ್ಲ, ಯಾಕೆ ಗೊತ್ತಾ?" ಎಂದು ಶುರುಮಾಡಿ ಎಲ್ಲ ಹೇಳಿದೆ. ಯಾರೂ ನಗಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನವಳು ಹೋಗಿ ಬಂದಾಗಿತ್ತು. ಅವಳ ಜೊತೆ ಮೂವರು. ಆ ದಿನ ಪಾಠ ಆಗಲಿಲ್ಲ. ನಮ್ಮ ಗಡಿಯಾಚೆಯ ಕೇರಳದ ಶಾಲೆಗಳಲ್ಲಿ ನೀರು ಕುಡಿಯಲೆಂದೇ ಗಂಟೆ ಹೊಡೆಯುವುದು 2019ರಲ್ಲಿ ಸುದ್ದಿಯಾಗಿತ್ತು, ನಮ್ಮ ರಾಜ್ಯದಲ್ಲೂ ಅದೇ ವರ್ಷ ಅದರ ಮಾತು ಬಂತು. ಕುಡಿಯುವ ಗಂಟೆಯ ಹಿಂದೆಯೇ ಇನ್ನೊಂದು ಗಂಟೆಯೂ ಬೇಕು ಎಂದು ಹುಡುಗಿಯೊಬ್ಬಳು ಹೇಳಿದಳು. ಸರಿಯಾಗಿಯೇ ಹೇಳಿದಳು.

ಶಿವರಾತ್ರಿಗೆ ಎರಡು ದಿನ ಮುಂಚೆ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಪಾದಯಾತ್ರೆಯವರು ಬರತೊಡಗಿದರು. ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳುಬೆಟ್ಟ. ಆ ದಾರಿ ನನಗೆ ಬಾಯಿಪಾಠವಾಗಿತ್ತು, ಕಾಲಿಗೆ ಮಾತ್ರ ಬಂದಿರಲಿಲ್ಲ. ಗುಂಪು ಗುಂಪಾಗಿ, ತಲೆಯ ಮೇಲೆ ಗಂಟು, "ಉಘೇ ಮಾದಪ್ಪ" ಎನ್ನುತ್ತ. ರಸ್ತೆಯಲ್ಲಿ ಅಲ್ಲಲ್ಲಿ ಮಜ್ಜಿಗೆ, ಪಾನಕ ಕೊಡುವವರು ನಿಂತಿದ್ದರು. ಅವ್ವನೂ ಗೇಟಿನ ಹತ್ತಿರ ಕೊಡ ಇಟ್ಟುಕೊಂಡು ಕೂತಳು. ಗಂಡಸರು ನಿಂತು ಎರಡೆರಡು ಲೋಟ ಕುಡಿದು ಮುಂದೆ ಹೋಗುತ್ತಿದ್ದರು. ಹೆಂಗಸರು "ಬ್ಯಾಡ ಕನವ್ವ, ಈಗ್ತಾನೆ ಕುಡುದೊ" ಎನ್ನುತ್ತಿದ್ದರು. ತುಟಿ ಒಡೆದಿತ್ತು.

ನಾಲ್ಕನೇ ಗುಂಪು ಬಂದಾಗ ಅವ್ವ ಲೋಟ ಕೆಳಗಿಟ್ಟು, ಅಷ್ಟು ದೂರಕ್ಕೆ ಕೇಳುವ ಹಾಗೆ, "ಬಾತ್‌ರೂಮದೆ, ಒಳಕ್ ಬನ್ರವ್ವ" ಎಂದಳು.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ಒಬ್ಬಳು ಗಂಟು ಇಳಿಸಿದಳು. ಆಮೇಲೆ ಹನ್ನೊಂದು ಜನವೂ ಬಂದರು. ನಡುಮನೆಯಲ್ಲಿ ಸಾಲಾಗಿ ಕೂತು ಸರದಿ ಕಾದರು, ಹೊರಗೆ ಬಂದು ನೀರು ಕೇಳಿದರು. ಒಬ್ಬಳು ಒಂದು ಚೊಂಬು ಪೂರ್ತಿ ಎತ್ತಿ ಕುಡಿದು, ಗಲ್ಲ ಒರೆಸಿಕೊಂಡು, ಇನ್ನೊಂದು ಚೊಂಬು ಎಂದಳು.

ಅವರು ಹೊರಟಾಗ ನಾನೂ ಶೂ ಹಾಕಿಕೊಂಡೆ. ಒಂದು ಕಿಲೋಮೀಟರ್ ಹೋಗಿ, ಒಂದು ಕಿಲೋಮೀಟರ್ ವಾಪಸ್. ಡಾಕ್ಟರ ಲೆಕ್ಕ ಅಷ್ಟೇ ಇತ್ತು. ತಿರುಗುವ ಜಾಗದಲ್ಲಿ ಅವರಲ್ಲಿ ಹಿರಿಯಳು, "ಮುಂದಿನ್ ವರ್ಸ ಬತ್ತೀಯ?" ಎಂದಳು. ಬತ್ತೀನಿ ಎಂದೆ. ಮನೆಗೆ ಬರುವಾಗ ಕತ್ತಲಾಗಿತ್ತು. ಗೇಟಿನಲ್ಲಿ ಇನ್ನೊಂದು ಗುಂಪಿನ ಹೆಂಗಸರು ಚಪ್ಪಲಿ ಬಿಡುತ್ತಿದ್ದರು. ಅವ್ವ ಒಳಗಿನಿಂದ ಕೂಗಿದಳು: ಟ್ಯಾಂಕಿನಲ್ಲಿ ನೀರು ಮುಗಿದದೆ, ಮೋಟರು ಹಾಕು.